ಮಗಳ ಮನೆಗೆ ಬುತ್ತಿ ಗಂಟು: ದಾವಣಗೆರೆಯಿಂದ ಅಮೆರಿಕಕ್ಕೆ

ಅಮೆರಿಕಕ್ಕೆ ಹೋಗುವ ಬಹಳಷ್ಟು ವಿಮಾನಗಳಲ್ಲಿ ಒಬ್ಬರಿಗೆ ತಲಾ 23 ಕಿಲೊದ ಎರಡು ಸೂಟ್‌ಕೇಸ್ ಬಿಡುತ್ತಾರೆ. ಅಗ್ಗದ ಟಿಕೆಟ್ಟಾದರೆ ಒಂದೇ ಇರಬಹುದು, ಮೊದಲೇ ನೋಡಿಕೊಳ್ಳಿ. ಖಾಲಿ ಸೂಟ್‌ಕೇಸೇ ನಾಲ್ಕು ಕಿಲೊ ತಿನ್ನುತ್ತದೆ. ಉಳಿದದ್ದರಲ್ಲಿ ಬೇಳೆ, ಜೋಳದ ಹಿಟ್ಟು, ಮಂಡಕ್ಕಿ ತುಂಬಿಕೊಂಡು ಹೋಗುವುದು ದಂಡ. ಅವೆಲ್ಲ ಅಲ್ಲಿನ ಇಂಡಿಯನ್ ಅಂಗಡಿಯಲ್ಲೇ ಸಿಗುತ್ತವೆ. ಸಿಗದೇ ಇರುವುದು ನಮ್ಮ ಕಡೆಯ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ.

ಪುಡಿಯನ್ನು ಅಲ್ಲೇ ಹೋಗಿ ಮಾಡಿಕೊಟ್ಟರಾಯಿತು ಅಂದುಕೊಂಡರೆ ಕಷ್ಟ. ಬ್ಯಾಡಗಿ ಮೆಣಸಿನಕಾಯಿ ಬಾಣಲೆಗೆ ಬಿದ್ದು ಘಾಟು ಏಳುತ್ತಿದ್ದಂತೆ ಸ್ಮೋಕ್ ಅಲಾರ್ಮ್ ಬಡಿದುಕೊಳ್ಳಲು ಶುರು. ಇಲ್ಲಿಂದ ಮಿಕ್ಸಿ ಒಯ್ಯುವಂತೆಯೂ ಇಲ್ಲ, ಅಲ್ಲಿನ ಕರೆಂಟು 120 ವೋಲ್ಟ್, ನಮ್ಮದು 230. ಹಾಗಾಗಿ ಹುರಿಯುವುದು, ಕುಟ್ಟುವುದು ಎಲ್ಲ ಇಲ್ಲೇ ಮುಗಿಯಲಿ.

ಅರ್ಧ ಕಿಲೊ ಶೇಂಗಾಕ್ಕೆ 12–15 ಬ್ಯಾಡಗಿ, ಒಂದು ಗಡ್ಡೆ ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಗೋಲಿಯಷ್ಟು ಹುಣಸೆಹಣ್ಣು, ರುಚಿಗೆ ಉಪ್ಪು, ಬೆಲ್ಲ. ಶೇಂಗಾವನ್ನು ಸಣ್ಣ ಉರಿಯಲ್ಲಿ ಸಿಪ್ಪೆ ಬಿಡುವ ತನಕ ಹುರಿದು ಪೂರ್ತಿ ಆರಲು ಬಿಡಿ. ಬಿಸಿ ಇದ್ದಾಗಲೇ ಮಿಕ್ಸಿಗೆ ಹಾಕಿದರೆ, ಅಥವಾ ಮಿಕ್ಸಿಯನ್ನು ನಿಲ್ಲಿಸದೆ ಓಡಿಸಿದರೆ, ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಕುಟ್ಟಿದರಂತೂ ಇನ್ನೂ ರುಚಿ. ಊರಲ್ಲಿ ತಿನ್ನುವ ಪುಡಿಗೆ ಹಸಿ ಬೆಳ್ಳುಳ್ಳಿ ನಡೆಯುತ್ತದೆ, ದೂರ ಹೋಗುವ ಪುಡಿಗೆ ನಡೆಯುವುದಿಲ್ಲ. ಅದರ ತೇವಕ್ಕೆ ಬೂಷ್ಟು ಬರುತ್ತದೆ. ಬೆಳ್ಳುಳ್ಳಿ ಎಸಳನ್ನು ಜಜ್ಜಿ ಗರಿಗರಿಯಾಗುವಂತೆ ಹುರಿಯಿರಿ, ಹುಣಸೆಹಣ್ಣನ್ನೂ ಬಾಣಲೆಯಲ್ಲಿ ಒಣಗಿಸಿ. ಕರಿಬೇವು ಬೇಡವೇ ಬೇಡ. ನಿಂಬೆ ಜಾತಿಯ ಗಿಡಗಳಿಗೆ ರೋಗ ತರುತ್ತದೆಂದು ಕರಿಬೇವಿನ ಎಲೆಯನ್ನು ಅಮೆರಿಕದವರು ಒಳಗೆ ಬಿಡುವುದಿಲ್ಲ.

ಕಾಲು ಕಿಲೊದ ಪೊಟ್ಟಣ ಮಾಡಿ, ಗಾಳಿ ಪೂರ್ತಿ ಒತ್ತಿ ತೆಗೆದು, ಎರಡು ಚೀಲದಲ್ಲಿ ಸೀಲ್ ಮಾಡಿ. ವಿಮಾನ ಮೇಲೇರಿದಾಗ ಗಾಳಿಯ ಒತ್ತಡ ನೆಲದ ಮೇಲಿನಷ್ಟು ಇರುವುದಿಲ್ಲ. ಗಾಳಿ ತುಂಬಿದ ಪೊಟ್ಟಣ ಉಬ್ಬಿ, ಸೀಲ್ ಬಿಟ್ಟು, ಸೀರೆಗೆಲ್ಲ ಖಾರ ಮೆತ್ತುತ್ತದೆ. ಮೇಲೆ ಇಂಗ್ಲಿಷಿನಲ್ಲಿ ಪದಾರ್ಥದ ಹೆಸರು, ‘ರೋಸ್ಟೆಡ್, ಗ್ರೌಂಡ್’ ಅಂತ ಬರೆದ ಚೀಟಿ ಅಂಟಿಸಿ. ಪುಡಿಯನ್ನು ಕೈಚೀಲದಲ್ಲಿ ಇಡಬೇಡಿ. ಅಮೆರಿಕದ ವಿಮಾನಕ್ಕೆ 350 ಎಂ.ಎಲ್. ಡಬ್ಬಿಗಿಂತ ಹೆಚ್ಚಿನ ಪುಡಿ ಕೈಯಲ್ಲಿದ್ದರೆ ಬಿಚ್ಚಿಸಿ ನೋಡುತ್ತಾರೆ.

ರೊಟ್ಟಿಗೆ ಹೊಸದಾಗಿ ಬೀಸಿದ ಹಿಟ್ಟೇ ಆಗಬೇಕು. ಹಳೆಯದಕ್ಕೆ ಜಿಗಿ ಇರುವುದಿಲ್ಲ, ತೆಳ್ಳಗೆ ಬಡಿಯುವಾಗ ಅಂಚು ಒಡೆಯುತ್ತದೆ. ಒಂದು ಕಿಲೊ ಹಿಟ್ಟಿಗೆ ತೆಳು ರೊಟ್ಟಿ 25ರಿಂದ 30 ಬರುತ್ತವೆ. ಹೆಂಚಿನಿಂದ ತೆಗೆದ ಮೇಲೆ ಒಲೆಯ ಪಕ್ಕ ನಿಲ್ಲಿಸಿ ಒಣಗಿಸಿ. ನಡುವೆ ಮುರಿದರೆ ಟಕ್ಕನೆ ಸದ್ದಾಗಬೇಕು. ಬಾಗಿದರೆ ಇನ್ನೂ ತೇವ ಇದೆ ಅಂತಲೇ. ಸೂಟ್‌ಕೇಸಿಗಿಂತ ಚಿಕ್ಕ ಅಳತೆಯಲ್ಲಿ ಬಡಿಯಲು ರೊಟ್ಟಿ ಮಾಡುವವರಿಗೆ ಮೊದಲೇ ಹೇಳಿ, ಎಂಟು ಇಂಚು ಸಾಕು. 20ರ ಕಟ್ಟು ಮಾಡಿ, ಕೆಳಗೊಂದು ಮೇಲೊಂದು ದಪ್ಪ ರಟ್ಟು ಇಟ್ಟು ದಾರ ಕಟ್ಟಿ, ಸೂಟ್‌ಕೇಸಿನ ನಟ್ಟನಡುವೆ ಬಟ್ಟೆಯ ಮಧ್ಯೆ ಮಲಗಿಸಿ. ಅಂಚಿಗೆ ಇಟ್ಟದ್ದು ಪುಡಿಪುಡಿ.

ಒಯ್ಯಬಾರದ್ದೂ ಗೊತ್ತಿರಲಿ. ಅಕ್ಕಿ, ಹಸಿ ಹಣ್ಣು, ಬಿತ್ತನೆ ಬೀಜ, ಮಾಂಸ ಅಮೆರಿಕದಲ್ಲಿ ನಡೆಯುವುದಿಲ್ಲ. ಕೊಬ್ಬರಿ ಗಿಟುಕನ್ನು ಎಣ್ಣೆ ಅಂಶಕ್ಕೆ ಬೆಂಕಿ ಹತ್ತುತ್ತದೆಂದು ವಿಮಾನದವರೇ ತಡೆಯುತ್ತಾರೆ. ದುಬೈ ಅಥವಾ ಅಬುಧಾಬಿ ಮೇಲೆ ಹೋಗುವವರು ಗಸಗಸೆಯನ್ನು, ಗಸಗಸೆ ಬಿದ್ದ ಮಸಾಲೆಯನ್ನು ಮುಟ್ಟಲೇಬೇಡಿ. ಅಲ್ಲಿ ಅದು ಮಾದಕವಸ್ತುವಿನ ಲೆಕ್ಕ, ಜೈಲೇ ಗತಿ.

ಅಲ್ಲಿ ಇಳಿದಾಗ ಆಹಾರ ಇದೆಯೇ ಎಂದು ಕೇಳಿದರೆ ‘ಯೆಸ್’ ಅನ್ನಿ. ಹೇಳಿದರೆ ಹೆಚ್ಚೆಂದರೆ ಒಂದೆರಡು ಪೊಟ್ಟಣ ಕಸದಬುಟ್ಟಿಗೆ ಹೋಗಬಹುದು. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ 10,000 ಡಾಲರ್‌ವರೆಗೂ ಹೋಗಬಹುದು. ವೀಸಾ 10 ವರ್ಷದ್ದೇ ಇರಲಿ, ಒಂದು ಸಲಕ್ಕೆ ಎಷ್ಟು ದಿನ ಇರಬಹುದೆಂದು ಹೇಳುವುದು ಐ-94 ದಾಖಲೆಯ ದಿನಾಂಕ. ಮನೆ ಮುಟ್ಟಿದ ದಿನವೇ ಮಕ್ಕಳ ಕೈಲಿ ಅದನ್ನು ಆನ್‌ಲೈನ್‌ನಲ್ಲಿ ತೆಗೆಸಿ ನೋಡಿ.

ಬಿಪಿ, ಶುಗರ್ ಮಾತ್ರೆ ಪಟ್ಟಿಯಲ್ಲೇ ಇರಲಿ, ಬಿಡಿಸಿ ಡಬ್ಬಿಗೆ ಹಾಕಬೇಡಿ. ಡಾಕ್ಟರ ಚೀಟಿಯಲ್ಲಿ ಬ್ರಾಂಡಿನ ಬದಲು ಔಷಧದ ಮೂಲ ಹೆಸರು ಬರೆಸಿ, ಕೈಚೀಲದಲ್ಲೇ ಇಡಿ. ಮಂಡಿನೋವಿನವರು ವೀಲ್‌ಚೇರನ್ನು ಪ್ರಯಾಣಕ್ಕೆ 48 ಗಂಟೆ ಮುಂಚೆಯೇ ಹೇಳಿಸಿ. ದುಡ್ಡಿಲ್ಲ. ಇಂಗ್ಲಿಷ್ ಬಾರದವರಿಗೆ ಗೇಟು ಹುಡುಕುವ ತಾಪತ್ರಯವೂ ತಪ್ಪುತ್ತದೆ.

ದಾವಣಗೆರೆಯಿಂದ ಕಾರಿನಲ್ಲಿ ಹೋಗುವವರು ಬೆಂಗಳೂರಿನ ಒಳಗೆ ಸಿಕ್ಕಿಕೊಳ್ಳಬೇಕಿಲ್ಲ. ಚಿತ್ರದುರ್ಗ, ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿದರೆ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ. ಹೊರದೇಶದ ವಿಮಾನಗಳು ಹೊರಡುವುದು ಎರಡನೇ ಟರ್ಮಿನಲ್‌ನಿಂದ. ಮನೆಯಲ್ಲೇ ನೇತಾಡುವ ತಕ್ಕಡಿಯಲ್ಲಿ ತೂಗಿ 22 ಕಿಲೊಗೆ ನಿಲ್ಲಿಸಿ, ತಕ್ಕಡಿಯಿಂದ ತಕ್ಕಡಿಗೆ ವ್ಯತ್ಯಾಸ ಇದ್ದೇ ಇರುತ್ತದೆ. ಕೌಂಟರ್ ಮುಂದೆ ಸೂಟ್‌ಕೇಸ್ ಬಿಚ್ಚಿ ರೊಟ್ಟಿ ಕಟ್ಟು ಹೊರಗೆಳೆಯುವ ಫಜೀತಿ ಯಾರಿಗೂ ಬೇಡ.

ಹೋದ ಕೂಡಲೇ ಒಂದು ಪೊಟ್ಟಣ ಹೊರಗಿಟ್ಟು, ಉಳಿದ ಪುಡಿಯನ್ನು ಫ್ರೀಜರಿಗೆ ಹಾಕಿಸಿ. ಹೊರಗಿದ್ದರೆ ಶೇಂಗಾ ಎಣ್ಣೆ ಕಮಟುತ್ತದೆ. ಚಳಿಗಾಲದಲ್ಲಿ ಹೀಟರಿನ ಒಣ ಗಾಳಿಗೆ ರೊಟ್ಟಿ ಗರಿಗರಿಯಾಗೇ ಉಳಿಯುತ್ತದೆ. ಸೆಕೆಗಾಲದಲ್ಲಿ ಮೆತ್ತಗಾದರೆ ಓವನ್ನಿನಲ್ಲಿ 300 ಡಿಗ್ರಿ ಫ್ಯಾರನ್‌ಹೀಟ್‌ಗೆ ನಾಲ್ಕೈದು ನಿಮಿಷ ಇಟ್ಟು ತೆಗೆಯಿರಿ. ಮೈಕ್ರೋವೇವಿಗೆ ಹಾಕಿದರೆ ಚಕ್ಕಳದಂತಾಗುತ್ತದೆ.