ಹಲಗೆಯ ಹೊಟ್ಟೆಯೊಳಗಿನ ಹಬೆ

ದಾವಣಗೆರೆಯ ಹೊರವಲಯದ ಶೆಡ್‌ನಲ್ಲಿ ನಾನು ಒತ್ತಿದ ಮೊದಲ ದಪ್ಪ ಬಿದಿರು ಹಲಗೆ, ಪ್ರೆಸ್ ತೆರೆದ ಕ್ಷಣವೇ ಢಬ್ಬೆಂದಿತು. ಅಂಚುಗಳು ಗಟ್ಟಿಯಾಗಿಯೇ ಇದ್ದವು, ನಡುವೆ ಮಾತ್ರ ಪೂರಿಯಂತೆ ಉಬ್ಬಿತ್ತು. ಅಂಟು ಮಾರಿದವನನ್ನು ಮನಸಾರೆ ಬೈದೆ. ಪಾಪ, ಅವನದೇನೂ ತಪ್ಪಿರಲಿಲ್ಲ.

ಮೇದಾರರು ಹೆಣೆದ ಚಾಪೆಗಳನ್ನು ಫಿನಾಲ್ ಫಾರ್ಮಾಲ್ಡಿಹೈಡ್ ಅಂಟಿನಲ್ಲಿ ಅದ್ದಿ, ಒಣಗಿಸಿ, ಒಂದರ ಮೇಲೊಂದು ಜೋಡಿಸಿ 12 ಮಿ.ಮೀ. ಹಲಗೆ ಮಾಡುವುದು ನನ್ನ ಕಸುಬು. ಪ್ರೆಸ್‌ನ ಫಲಕದ ಬಿಸಿ 145 ಡಿಗ್ರಿ ಸೆಲ್ಸಿಯಸ್, ಒತ್ತಡ ಚದರ ಸೆಂಟಿಮೀಟರಿಗೆ 15 ಕಿಲೋ. ಒಳಗೇನು ನಡೆಯುತ್ತಿದೆ ಎಂದು ತಿಳಿಯಲು ಮುಂದಿನ ಹಲಗೆಯ ನಡುಪದರದಲ್ಲಿ ಬಿಸಿ ಅಳೆಯುವ ಥರ್ಮೋಕಪಲ್ ತಂತಿ ಇಟ್ಟೆ. ಐದಾರು ನಿಮಿಷದಲ್ಲಿ ಅಂಕಿ 100 ದಾಟಿತು. ಆಮೇಲೆ 105, 106, 108 ಎಂದು ಕುಂಟತೊಡಗಿತು. ಫಲಕ ಕೊಟ್ಟ ಶಾಖವೆಲ್ಲ ನೀರನ್ನು ಹಬೆಯಾಗಿಸಲು ಖರ್ಚಾಗುತ್ತಿತ್ತು.

ಹೊರಪದರಗಳಲ್ಲಿ ಹುಟ್ಟಿದ ಹಬೆ ಶಾಖವನ್ನು ಹೊತ್ತು ನಡುವಿಗೆ ಸಾಗುತ್ತದೆ. ಅಷ್ಟರಮಟ್ಟಿಗೆ ಅದು ನೆಂಟ. ಆದರೆ ಬಂದ ನೆಂಟ ಅಂಚಿನ ದಾರಿ ಹಿಡಿದು ಹೊರಡಬೇಕಲ್ಲ! ಬಿದಿರಿನಲ್ಲಿ ಮರದಂತೆ ಅಡ್ಡಕ್ಕೆ ಸಾಗುವ ಕೋಶಗಳಿಲ್ಲ, ಹೊರಸಿಪ್ಪೆಯಂತೂ ನೀರನ್ನು ಸುಲಭಕ್ಕೆ ಬಿಡದು. ಸಾಲದ್ದಕ್ಕೆ ಅಂಟು ಗಟ್ಟಿಯಾಗುವಾಗ ತಾನೂ ಒಂದಿಷ್ಟು ನೀರು ಬಿಡುತ್ತದೆ. ನಡುಪದರ 120 ಡಿಗ್ರಿ ಮುಟ್ಟಿದಾಗ ಅಲ್ಲಿನ ಹಬೆಯ ಒತ್ತಡ ಹೊರಗಿನ ಗಾಳಿಯ ಸುಮಾರು ಎರಡು ಪಟ್ಟು, ಅಂದರೆ ನಮ್ಮ ಅಡುಗೆಮನೆಯ ಕುಕ್ಕರಿನಷ್ಟು. ಒತ್ತಡ ಇಳಿಯುವ ಮೊದಲೇ ಮುಚ್ಚಳ ಎಳೆದಿದ್ದೆ ನಾನು.

ಈಗ ಪ್ರೆಸ್‌ನ ಒತ್ತಡವನ್ನು 15ರಿಂದ 8ಕ್ಕೆ, 8ರಿಂದ 4ಕ್ಕೆ, 4ರಿಂದ 2ಕ್ಕೆ ಇಳಿಸುತ್ತೇನೆ. ಒಂದೊಂದು ಸಲವೂ ಅಂಚಿನ ಬುಸುಗುಟ್ಟುವಿಕೆ ನಿಲ್ಲುವ ತನಕ ಕಾಯುತ್ತೇನೆ. ಫಲಕವನ್ನೇ ತಣಿಸಿ ತೆಗೆಯುವುದು ಇನ್ನೂ ಕ್ಷೇಮ, ಆದರೆ ಮತ್ತೆ ಮತ್ತೆ ಕಾಯಿಸುವ ಖರ್ಚು ನನಗೆ ಹೊರಲಾಗದು.

ಚಾಪೆ ತರುವ ಅಜ್ಜಿಯೊಬ್ಬರು ಒಂದು ಮಳೆಗಾಲದಲ್ಲಿ ಚಾಪೆಯನ್ನು ಕೆನ್ನೆಗೆ ಒತ್ತಿಕೊಂಡು, "ತಮ್ಮಾ, ಇದರಲ್ಲಿ ಇನ್ನೂ ಪಸೆ ಇದೆ" ಎಂದರು. ತುಂಡೊಂದನ್ನು ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿ, 103 ಡಿಗ್ರಿಯ ಒಲೆಯಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿದೆ. 57 ಗ್ರಾಂ ಇದ್ದದ್ದು 50ಕ್ಕೆ ಇಳಿಯಿತು: ಒಣ ತೂಕದ ಲೆಕ್ಕದಲ್ಲಿ ತೇವ ಶೇ 14. ಅಂಟಿನಲ್ಲಿ ಅದ್ದಿದ ಮೇಲೆ ಶೇ 8ರಿಂದ 10ಕ್ಕೆ ತರುತ್ತೇನೆ. ಬೇಸಿಗೆಯ ಬಿಸಿಲಿನಲ್ಲಿ ಒಮ್ಮೆ ಅತಿಯಾಗಿ ಒಣಗಿಸಿದಾಗ ಅಂಟು ಹರಿಯದೆ, ನಾಣ್ಯದಿಂದ ತಟ್ಟಿದಲ್ಲೆಲ್ಲ ಟೊಳ್ಳು ಸದ್ದು ಬಂದಿತ್ತು.

ಈಗ 18 ಮಿ.ಮೀ. ಹಲಗೆಗೆ ಕೈ ಹಾಕಿದ್ದೇನೆ. ನಿನ್ನೆ ತಂತಿಯ ಅಂಕಿ 108ರಲ್ಲಿ ಒಂಬತ್ತು ನಿಮಿಷ ಕೂತುಬಿಟ್ಟಿತು.