ಕುದುರೆಯ ಕಾಲಿನ ಗಾಯದಲ್ಲಿ ದುರ್ಮಾಂಸ: ನಾನು ಚಿಕಿತ್ಸೆ ಮಾಡುವ ಬಗೆ

ಕುದುರೆಯ ಪಕ್ಕೆಯಲ್ಲಿ ಅಂಗೈ ಅಗಲದ ಗಾಯವಾದರೂ ನನಗೆ ಅಷ್ಟು ಚಿಂತೆಯಾಗುವುದಿಲ್ಲ. ಶುದ್ಧವಾಗಿಟ್ಟರೆ ಅದು ತಾನಾಗಿಯೇ ಕುಗ್ಗುತ್ತಾ ಬಂದು ಮುಚ್ಚಿಕೊಳ್ಳುತ್ತದೆ. ಮಂಡಿಯಿಂದ ಕೆಳಗೆ, ಗೊರಸಿನವರೆಗಿನ ಭಾಗದಲ್ಲಿ ಆದ ಗಾಯದ ಮಾತೇ ಬೇರೆ. ಅಲ್ಲಿ ಚರ್ಮ ಬಿಗಿಯಾಗಿರುತ್ತದೆ, ಅಡಿಯಲ್ಲಿ ಸ್ನಾಯುವಿನ ಮೆತ್ತೆ ಇರುವುದಿಲ್ಲ, ಪ್ರತಿ ಹೆಜ್ಜೆಗೂ ಗಾಯ ಎಳೆಯುತ್ತದೆ. ಉರಿಯೂತ ಜೋರಾಗಿ ಎದ್ದು ಬೇಗ ಇಳಿಯುವುದನ್ನು ಬಿಟ್ಟು ಮಂದವಾಗಿ ವಾರಗಟ್ಟಲೆ ಉಳಿಯುತ್ತದೆ. ಹಾಗಾಗಿ ಗುಂಡಿ ತುಂಬಲು ಬಂದ ಕೆಂಪು ಮಾಂಸ ಚರ್ಮದ ಮಟ್ಟ ತಲುಪಿದ ಮೇಲೂ ನಿಲ್ಲದೆ ಹೂಕೋಸಿನಂತೆ ಹೊರಗೆ ಉಬ್ಬುತ್ತದೆ. ಇದೇ ದುರ್ಮಾಂಸ. ಹೊಸ ಚರ್ಮ ಆ ದಿಬ್ಬವನ್ನು ಹತ್ತಲಾರದೆ ಅಂಚಿನಲ್ಲೇ ನಿಂತುಬಿಡುತ್ತದೆ.

ನನ್ನ ಬಳಿ ಬರುವವು ಹೆಚ್ಚಾಗಿ ಮೈಸೂರಿನ ಟಾಂಗಾ ಕುದುರೆಗಳು. ಮುಳ್ಳುತಂತಿ, ತಗಡು, ಚರಂಡಿಯ ಒಡೆದ ಚಪ್ಪಡಿ, ಇವುಗಳಿಂದಾದ ಗಾಯಗಳು. ಬರುವಷ್ಟರಲ್ಲಿ ಅರಿಶಿನ, ಸುಣ್ಣ, ಬೇವಿನ ಎಣ್ಣೆ ಎಲ್ಲ ಆಗಿರುತ್ತದೆ. ಕೊನೆಯ ಅಸ್ತ್ರ ಮೈಲುತುತ್ತ. ಒಬ್ಬ ಹಿರಿಯ ಸಾಹೇಬರು ತಮ್ಮ ಹೆಣ್ಣು ಕುದುರೆಯನ್ನು ಕರೆತಂದು, "ಡಾಕ್ಟರೇ, ತುತ್ತ ಹಾಕಿದರೆ ಸುಟ್ಟು ಕಪ್ಪಾಗಿ ಉದುರುತ್ತದೆ. ವಾರ ಕಳೆಯುವಷ್ಟರಲ್ಲಿ ಮತ್ತೆ ಅಷ್ಟೇ ಎತ್ತರ ಬೆಳೆದಿರುತ್ತದೆ" ಎಂದರು. ಹಿಂಗಾಲಿನಲ್ಲಿ ಮುಷ್ಟಿಗಾತ್ರದ ಗಡ್ಡೆ. ಮೇಲೆ ನೀಲಿ ಬೆರೆತ ಕಪ್ಪು ಹಕ್ಕಳೆ, ಅದರಡಿಯಲ್ಲಿ ಕೀವು.

ಆ ಹಕ್ಕಳೆಯನ್ನು ಉಪ್ಪುನೀರಿನಲ್ಲಿ ನೆನೆಸಿ ಬಿಡಿಸಿದ ಮೇಲೆ ನಾನು ಅವರಿಗೆ ತೋರಿಸಿದ್ದು ಗಡ್ಡೆಯನ್ನಲ್ಲ, ಅದರ ಬುಡವನ್ನು. ಚರ್ಮ ಮುಗಿದು ಮಾಂಸ ಶುರುವಾಗುವಲ್ಲಿ ತಿಳಿಗುಲಾಬಿ ಬಣ್ಣದ, ಹೊಳೆಯುವ, ತೀರ ತೆಳುವಾದ ಒಂದು ಅಂಚು ಇರಬೇಕು. ಅದೇ ಹೊಸ ಚರ್ಮ. ಗಾಯವನ್ನು ಮುಚ್ಚುವುದು ಅದೊಂದೇ. ಆ ಕುದುರೆಯ ಗಾಯದ ಸುತ್ತ ಅದು ಮುಕ್ಕಾಲು ಭಾಗ ಸುಟ್ಟುಹೋಗಿತ್ತು. ಮೈಲುತುತ್ತಕ್ಕೆ ಬೇಡದ ಮಾಂಸ ಯಾವುದು, ಬೇಕಾದ ಚರ್ಮ ಯಾವುದು ಎಂದು ತಿಳಿಯುವುದಿಲ್ಲ. ಮಾಂಸ ವಾರದಲ್ಲಿ ಮರಳಿ ಬರುತ್ತದೆ, ಚರ್ಮ ಬರುವುದಿಲ್ಲ. ಕುದುರೆಯ ಕಾಲಿನ ಕೆಳಭಾಗದಲ್ಲಿ ಹೊಸ ಚರ್ಮ ದಿನಕ್ಕೆ ಬೆಳೆಯುವುದು ಸುಮಾರು 0.09 ಮಿಲಿಮೀಟರ್, ಪಕ್ಕೆಯಲ್ಲಾದರೆ 0.2 ಮಿಲಿಮೀಟರ್. ಕಾಲಿನ ಲೆಕ್ಕದಲ್ಲಿ 5 ಸೆಂಟಿಮೀಟರ್ ಅಗಲದ ಗಾಯ ಎರಡೂ ಕಡೆಯಿಂದ ಬರೀ ಹೊಸ ಚರ್ಮದಿಂದಲೇ ಮುಚ್ಚಬೇಕಾದರೆ ಒಂಬತ್ತು ತಿಂಗಳು ಬೇಕು. ಇಷ್ಟು ನಿಧಾನವಾಗಿ ಬರುವುದನ್ನು ವಾರಕ್ಕೊಮ್ಮೆ ಸುಡುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕತ್ತಿ ಹಿಡಿಯುವ ಮೊದಲು ಮಾಂಸ ಯಾಕೆ ಬೆಳೆಯುತ್ತಿದೆ ಎಂದು ಹುಡುಕುತ್ತೇನೆ. ಒಂದೇ ಕಡೆ ಸಣ್ಣ ರಂಧ್ರವಿದ್ದು ಅಲ್ಲಿಂದ ಕೀವು ಒಸರುತ್ತಿದ್ದರೆ ಒಳಗೆ ಮೂಳೆಯ ಚಕ್ಕೆಯೊಂದು ಸತ್ತು ಕುಳಿತಿರುವ ಸಾಧ್ಯತೆ ಇದೆ. ತಂತಿಗೆ ಸಿಕ್ಕಿದ ಕಾಲಿನಲ್ಲಿ ಇದು ಅಪರೂಪವಲ್ಲ, ಎಕ್ಸ್‌ರೇಯಲ್ಲಿ ಕಾಣಿಸಿಕೊಳ್ಳಲು ಕೆಲವು ವಾರ ಹಿಡಿಯುತ್ತದೆ. ಚಕ್ಕೆ ತೆಗೆಯದೆ ಎಷ್ಟು ಕೊಯ್ದರೂ ವ್ಯರ್ಥ. ಬೇಸಿಗೆಯಲ್ಲಿ ವಿಪರೀತ ತುರಿಕೆಯಿದ್ದು ಮಾಂಸದೊಳಗೆ ಅಕ್ಕಿ ನುಚ್ಚಿನಷ್ಟು ಹಳದಿ ಹರಳುಗಳು ಸಿಕ್ಕರೆ ಅದು ನೊಣ ತಂದಿಟ್ಟ ಹಬ್ರೋನಿಮಾ ಹುಳುವಿನ ಮರಿಗಳ ಕೆಲಸ, ಅದಕ್ಕೆ ಐವರ್ಮೆಕ್ಟಿನ್ ಬೇಕು. ನೋಟದಲ್ಲೇ ಅನುಮಾನ ಬಂದರೆ ಒಂದು ತುಣುಕನ್ನು ಶೇಕಡಾ 10ರ ಫಾರ್ಮಲಿನ್‌ನಲ್ಲಿ ಹಾಕಿ ಪಶುವೈದ್ಯಕೀಯ ಕಾಲೇಜಿನ ಪ್ರಯೋಗಾಲಯಕ್ಕೆ ಕಳುಹಿಸುತ್ತೇನೆ. ಹೊರನೋಟಕ್ಕೆ ದುರ್ಮಾಂಸದಂತೆಯೇ ಕಾಣುವ ಗಂತಿಗಳೂ ಇವೆ.

ಆ ಹೆಣ್ಣು ಕುದುರೆಯಲ್ಲಿ ಇವು ಯಾವುವೂ ಇರಲಿಲ್ಲ. ಧನುರ್ವಾಯು ಲಸಿಕೆಯನ್ನು ಮೊದಲು ಕೊಟ್ಟೆ. ಕುದುರೆಯಷ್ಟು ಸುಲಭವಾಗಿ ಧನುರ್ವಾಯುವಿಗೆ ತುತ್ತಾಗುವ ಸಾಕುಪ್ರಾಣಿ ಇನ್ನೊಂದಿಲ್ಲ. ಜೈಲಜೀನ್ ಕೊಟ್ಟು ತೂಕಡಿಸುವಂತೆ ಮಾಡಿ, ನಿಂತಿದ್ದ ಹಾಗೆಯೇ ಕೊಯ್ದೆ. ಈ ಮಾಂಸದಲ್ಲಿ ನರಗಳಿರುವುದಿಲ್ಲ, ಆದ್ದರಿಂದ ಕೊಯ್ದರೆ ನೋವಾಗುವುದಿಲ್ಲ. ಸುತ್ತಲಿನ ಚರ್ಮಕ್ಕೆ ಮಾತ್ರ ಕತ್ತಿ ತಾಗಬಾರದು. ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಹೋಗುತ್ತೇನೆ. ಮೇಲಿನಿಂದ ಇಳಿದರೆ ಸುರಿಯುವ ರಕ್ತದಲ್ಲಿ ಮುಂದೆ ಕೊಯ್ಯಬೇಕಾದ ಜಾಗವೇ ಕಾಣುವುದಿಲ್ಲ. ಚರ್ಮದ ಮಟ್ಟಕ್ಕಿಂತ ಒಂದು ಕೂದಲೆಳೆಯಷ್ಟು ಕೆಳಗೆ, ಸಮತಟ್ಟಾಗಿ, ಹೊಸ ಚರ್ಮದ ಅಂಚನ್ನು ಮುಟ್ಟದೆ ಕೊಯ್ಯಬೇಕು. ರಕ್ತ ಧಾರಾಳವಾಗಿ ಬರುತ್ತದೆ. ಮಾಲೀಕರಿಗೆ ಮೊದಲೇ ಹೇಳಿರದಿದ್ದರೆ ಕುದುರೆ ಸತ್ತೇಹೋಯಿತು ಎಂದು ಗಾಬರಿಯಾಗುತ್ತಾರೆ. ಗಾಯಕ್ಕೆ ಅಂಟದ ಗಾಜ್ (gauze) ಬಟ್ಟೆ, ಅದರ ಮೇಲೆ ದಪ್ಪ ಹತ್ತಿ, ಗೊರಸಿನಿಂದ ಮೇಲಕ್ಕೆ ಬಿಗಿಯಾಗಿ ಕ್ರೇಪ್ ಪಟ್ಟಿ ಸುತ್ತಿದರೆ ರಕ್ತ ನಿಲ್ಲುತ್ತದೆ. ಮರುದಿನ ಬಿಚ್ಚುವಾಗ ಒಣಗಿದ ಬಟ್ಟೆಯನ್ನು ಎಳೆಯಬಾರದು, ನೆನೆಸಿ ಬಿಡಿಸಬೇಕು. ಅದಕ್ಕೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಅಂದರೆ ಸುಮಾರು ಒಂದೂವರೆ ಟೀ ಚಮಚ, ಸಾಕು. ಮನೆಯಲ್ಲಿ ಹಾಕಲು ನಾನು ಹೇಳುವ ಔಷಧಿ ಅದೊಂದೇ.

ಕೊಯ್ದ ಮೇಲೆ ಮಾಂಸ ಶುದ್ಧವಾಗಿ ಕೆಂಪಾಗಿದ್ದು, ಸೋಂಕು ಇಲ್ಲದೆಯೂ ಮತ್ತೆ ತಲೆ ಎತ್ತಿದರೆ ಹೈಡ್ರೋಕಾರ್ಟಿಸೋನ್ ಮುಲಾಮನ್ನು ತೆಳುವಾಗಿ ಒಂದೆರಡು ಸಲ ಹಚ್ಚುತ್ತೇನೆ. ಮಟ್ಟಕ್ಕೆ ಇಳಿದ ಕೂಡಲೇ ನಿಲ್ಲಿಸುತ್ತೇನೆ, ಅತಿಯಾದರೆ ಚರ್ಮದ ಬೆಳವಣಿಗೆಯೂ ನಿಲ್ಲುತ್ತದೆ. ಪಟ್ಟಿಯ ವಿಷಯದಲ್ಲೂ ಹಾಗೆಯೇ. ಪಟ್ಟಿ ಕೊಳೆ ಮತ್ತು ನೊಣವನ್ನು ತಡೆಯುತ್ತದೆ, ಆದರೆ ಅದರೊಳಗಿನ ತೇವವೇ ದುರ್ಮಾಂಸಕ್ಕೆ ಪೋಷಣೆ. ಪ್ರತಿ ಸಲ ಬಿಚ್ಚಿದಾಗ ಬೆರಳಿನಿಂದ ಅಂಚು ಸವರಿ, ಚರ್ಮದಿಂದ ಮಾಂಸಕ್ಕೆ ದಾಟುವಾಗ ಮೆಟ್ಟಿಲು ಸಿಗುತ್ತದೆಯೇ ಎಂದು ನೋಡುತ್ತೇನೆ. ಸಿಗದಿದ್ದರೆ ನಾವು ಸರಿದಾರಿಯಲ್ಲಿದ್ದೇವೆ.

ಕಷ್ಟದ ಮಾತು ಉಳಿದಿರುವುದು ವಿಶ್ರಾಂತಿಯದ್ದು. ಕಾಲು ಆಡಿದಷ್ಟೂ ಮಾಂಸ ಬೆಳೆಯುತ್ತದೆ, ಕುದುರೆಯನ್ನು ಲಾಯದಲ್ಲಿ ನಿಲ್ಲಿಸಬೇಕು. ಟಾಂಗಾ ನಿಂತರೆ ಮನೆಯ ಒಲೆಗೂ ತೊಂದರೆ. ಇದನ್ನು ತಿಳಿದೂ ಬರೀ ಆಜ್ಞೆ ಮಾಡಿ ಕಳುಹಿಸಲು ನನಗೆ ಮನಸ್ಸು ಬರುವುದಿಲ್ಲ. ಸಾಹೇಬರ ಜೊತೆ ಕುಳಿತು ಮಾತಾಡಿದಾಗ, ತಮ್ಮನ ಕುದುರೆಯನ್ನು ಸರದಿಯ ಮೇಲೆ ಗಾಡಿಗೆ ಕಟ್ಟುವ ದಾರಿ ಅವರಿಗೇ ಹೊಳೆಯಿತು. ಅಷ್ಟು ಕಾಲಾವಕಾಶ ಸಿಕ್ಕಿದ್ದರಿಂದಲೇ ಮುಂದಿನ ಹೆಜ್ಜೆ ಸಾಧ್ಯವಾಯಿತು.

ಮುಂದಿನ ಹೆಜ್ಜೆ ಎಂದರೆ ಚರ್ಮ ನಾಟಿ. ಅಂಚು ಅಷ್ಟು ಹಾಳಾಗಿದ್ದ ಗಾಯಕ್ಕೆ ಹೊರಗಿನಿಂದ ಚರ್ಮ ತರದೆ ಗತಿಯಿರಲಿಲ್ಲ. ಕೇಸರದ ಅಡಿಯಲ್ಲಿ, ಕೂದಲು ಮುಚ್ಚುವ ಕಡೆ, ಕುತ್ತಿಗೆಗೆ ಅರಿವಳಿಕೆ ಕೊಟ್ಟು ಸೂಜಿಯಿಂದ ಚರ್ಮವನ್ನು ಎತ್ತಿ ಮೆಂತೆಕಾಳಿನ ಗಾತ್ರದ ತುಣುಕುಗಳನ್ನು ತೆಗೆದೆ. ಸಮತಟ್ಟಾದ ಕೆಂಪು ಮಾಂಸದಲ್ಲಿ ಮೊನಚು ಬ್ಲೇಡಿನಿಂದ ಓರೆಯಾಗಿ ಸಣ್ಣ ಜೇಬುಗಳನ್ನು ಮಾಡಿ, ಒಂದೊಂದರಲ್ಲಿ ಒಂದೊಂದು ತುಣುಕು ಸೇರಿಸಿದೆ. ಇಲ್ಲೂ ಕೆಳಸಾಲಿನಿಂದಲೇ ಆರಂಭ. ಮೊದಲ ವಾರಗಳಲ್ಲಿ ತುಣುಕುಗಳ ಮೇಲ್ಪದರ ಕಪ್ಪಾಗಿ ಉದುರುತ್ತದೆ, ನಾಟಿ ಕೆಟ್ಟಿತು ಎಂದೇ ಎಲ್ಲರೂ ಭಾವಿಸುತ್ತಾರೆ. ಆಮೇಲೆ ಕೆಂಪಿನ ನಡುವೆ ತಿಳಿಬಣ್ಣದ ಚುಕ್ಕೆಗಳು ಕಾಣಿಸಿಕೊಂಡು, ಒಂದಕ್ಕೊಂದು ಕೂಡಿಕೊಳ್ಳುತ್ತಾ ಬರುತ್ತವೆ. ಎಲ್ಲವೂ ಹಿಡಿಯಲಿಲ್ಲ, ಬಹುಪಾಲು ಹಿಡಿದವು.

ಗಾಯ ಮುಚ್ಚಿದ ಜಾಗದಲ್ಲಿ ಕೂದಲು ಅಲ್ಲಲ್ಲಿ ಮಾತ್ರ ಬಂದಿದೆ. ಅಲ್ಲಿನ ಚರ್ಮ ತೆಳು, ಸಣ್ಣ ಏಟಿಗೂ ಒಡೆಯುತ್ತದೆ. ಗಾಡಿಗೆ ಕಟ್ಟುವ ಮುನ್ನ ಆ ಕಾಲಿಗೆ ಮೆತ್ತನೆಯ ಪಟ್ಟಿ ಸುತ್ತಿ, ಸಂಜೆ ಮರೆಯದೆ ಬಿಚ್ಚುವಂತೆ ಸಾಹೇಬರಿಗೆ ಹೇಳಿದ್ದೇನೆ.