ಮೊದಲ ಉದ್ದಿಮೆಗೆ ಸಾಲ: ಸಬ್ಸಿಡಿಗಿಂತ ಮೊದಲು ಲೆಕ್ಕ

ಸಿಂಧನೂರು, ಮಾನ್ವಿ, ಲಿಂಗಸುಗೂರು, ಎಲ್ಲೇ ಹೋಗಿ. ಸ್ವಂತ ಕೆಲಸ ಶುರು ಮಾಡಬೇಕು ಎನ್ನುವವರ ಮೊದಲ ಪ್ರಶ್ನೆ ಒಂದೇ: "ಸಬ್ಸಿಡಿ ಎಷ್ಟು ಸಿಗ್ತದ್ರಿ?" ಇದು ಎರಡನೆಯ ಪ್ರಶ್ನೆಯಾಗಬೇಕು. ನಿಮ್ಮ ಮಾಲನ್ನು ಯಾರು ಕೊಳ್ಳುತ್ತಾರೆ, ತಿಂಗಳಿಗೆ ಎಷ್ಟು ಹೋಗುತ್ತದೆ ಎನ್ನುವುದು ಮೊದಲನೆಯದು. ಬ್ಯಾಂಕಿನವರು ಕೇಳುವುದೂ ಅದನ್ನೇ.

ಖಾರದಪುಡಿ ಘಟಕವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಕೇಂದ್ರ ಸರ್ಕಾರದ 'ಒಂದು ಜಿಲ್ಲೆ ಒಂದು ಉತ್ಪನ್ನ' ಪಟ್ಟಿಯಲ್ಲಿ ರಾಯಚೂರು ಜಿಲ್ಲೆಗೆ ಇರುವುದು ಮೆಣಸಿನಕಾಯಿಯೇ.

ಲೆಕ್ಕ ಬರೆಯಿರಿ

ಯಂತ್ರದ ಕೊಟೇಶನ್ ಒಂದನ್ನೇ ಹಿಡಿದು ಬ್ಯಾಂಕಿಗೆ ಹೋಗುವವರು ಜಾಸ್ತಿ. ಆದರೆ ಘಟಕ ನಿಂತುಹೋಗುವುದು ಯಂತ್ರ ಇಲ್ಲದ್ದಕ್ಕಲ್ಲ, ಮಾಲು ಕೊಳ್ಳಲು ಕೈಯಲ್ಲಿ ರೊಕ್ಕ ಇಲ್ಲದ್ದಕ್ಕೆ. ಹೊಸ ಮೆಣಸಿನಕಾಯಿ ಪೇಟೆಗೆ ಹೆಚ್ಚಾಗಿ ಬರುವುದು ಜನವರಿಯಿಂದ ಮಾರ್ಚ್‌ವರೆಗೆ. ಆಗ ಒಂದಿಷ್ಟು ಕೊಂಡು ಇಟ್ಟುಕೊಳ್ಳದಿದ್ದರೆ ಮಳೆಗಾಲದಲ್ಲಿ ವ್ಯಾಪಾರಿ ಹೇಳಿದ್ದೇ ದರ. ತೊಟ್ಟು ಬಿಡಿಸಿ, ಮತ್ತೊಮ್ಮೆ ಬಿಸಿಲಿಗೆ ಹಾಕಿದರೆ ತೂಕ ಇಳಿಯುತ್ತದೆ. ಒಂದು ಕ್ವಿಂಟಲ್ ಕಾಯಿಗೆ ಒಂದು ಕ್ವಿಂಟಲ್ ಪುಡಿ ಬರುವುದಿಲ್ಲ, ಹಾಗೆಂದು ಲೆಕ್ಕ ಹಾಕಬೇಡಿ. ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಕೂಲಿ, ಕರೆಂಟ್ ಬಿಲ್, ಪ್ಯಾಕೆಟ್, ಸಾಗಾಟ, ಕಿರಾಣಿ ಅಂಗಡಿಯವರು ಕೇಳುವ ಉದ್ರಿ, ಎಲ್ಲವನ್ನೂ ಬರೆಯಿರಿ. ಉದ್ರಿ ಕೊಟ್ಟ ಮಾಲಿನ ರೊಕ್ಕ ಬರುವವರೆಗೂ ಗಿರಣಿ ನಡೆಯಬೇಕಲ್ವಾ? ಅಷ್ಟಕ್ಕೂ ದುಡಿಯುವ ಬಂಡವಾಳ ಎಂದು ಬ್ಯಾಂಕಿಗೆ ಕೊಡುವ ಯೋಜನಾ ವರದಿಯಲ್ಲಿ (ಪ್ರಾಜೆಕ್ಟ್ ರಿಪೋರ್ಟ್) ಕೇಳಿ.

ಕಲಿಯಲು

ಆರ್‌ಸೆಟಿ (ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ) ತರಬೇತಿಗೆ ಹೋಗಿ ಎಂದು ಒತ್ತಿ ಹೇಳುತ್ತೇನೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಎಂಬ ತರಬೇತಿ ಸಂಸ್ಥೆಯ ಮಾದರಿಯಲ್ಲೇ ದೇಶದಲ್ಲೆಲ್ಲ ಕಟ್ಟಿದ ಸಂಸ್ಥೆಗಳಿವು. ತರಬೇತಿ, ಊಟ, ವಸತಿ ಎಲ್ಲ ಉಚಿತ. ಕೆಲಸದ ಜೊತೆಗೆ ಲೆಕ್ಕ ಇಡುವುದು, ಬ್ಯಾಂಕಿನ ವ್ಯವಹಾರವನ್ನೂ ಕಲಿಸುತ್ತಾರೆ.

ಯಾವ ಯೋಜನೆ?

ತೀರಾ ಸಣ್ಣದಾಗಿ ಶುರು ಮಾಡುವುದಾದರೆ ಮುದ್ರಾ ಸಾಲ ಸಾಕು. 'ಶಿಶು'ವಿನಲ್ಲಿ 50,000 ರೂಪಾಯಿವರೆಗೆ, 'ಕಿಶೋರ'ದಲ್ಲಿ 5 ಲಕ್ಷದವರೆಗೆ, 'ತರುಣ'ದಲ್ಲಿ 10 ಲಕ್ಷದವರೆಗೆ ಸಿಗುತ್ತದೆ. ಅಡಮಾನ ಬೇಡ. ಆದರೆ ಮುದ್ರಾದಲ್ಲಿ ಸಬ್ಸಿಡಿ ಇಲ್ಲ.

ದೊಡ್ಡದು ಬೇಕಿದ್ದರೆ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ ಪಿಎಂಇಜಿಪಿ (ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಯೋಜನೆ) ಬಗ್ಗೆ ಕೇಳಿ. ತಯಾರಿಕೆಗೆ 50 ಲಕ್ಷ, ಸೇವೆಗೆ 20 ಲಕ್ಷದವರೆಗಿನ ಯೋಜನೆಗಳಿಗೆ ಇದು ಸಿಗುತ್ತದೆ. ಹೊಸ ಘಟಕಕ್ಕೆ ಮಾತ್ರ. ಹಳ್ಳಿಯಲ್ಲಿ ಒಬ್ಬ ಮಹಿಳೆ 10 ಲಕ್ಷದ ಘಟಕ ಹಾಕುತ್ತಾರೆ ಎಂದುಕೊಳ್ಳಿ. ಆಕೆ ತರಬೇಕಾದ್ದು 5%, ಅಂದರೆ 50,000. ಉಳಿದ ಒಂಬತ್ತೂವರೆ ಲಕ್ಷ ಬ್ಯಾಂಕ್ ಸಾಲ. ಸಬ್ಸಿಡಿ 35%, ಅಂದರೆ ಮೂರೂವರೆ ಲಕ್ಷ.

ಇಲ್ಲೇ ಬಹಳ ಜನ ಮೋಸ ಹೋಗುವುದು. ಈ ಮೂರೂವರೆ ಲಕ್ಷ ಆಕೆಯ ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಇರುತ್ತದೆ. ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಹಾಕುವುದಿಲ್ಲ. ಘಟಕ ನಡೆಯುತ್ತಿದೆ ಎಂದು ಪರಿಶೀಲಿಸಿದ ಮೇಲೆ ಸಾಲಕ್ಕೆ ಜಮೆ ಮಾಡುತ್ತಾರೆ. "ಸಬ್ಸಿಡಿ ತಗೊಂಡು ಬಿಟ್ಟುಬಿಡಿ" ಎನ್ನುವವರ ಮಾತು ಕೇಳಿದರೆ ಸಾಲ ನಿಮ್ಮ ತಲೆ ಮೇಲೆ ಉಳಿಯುತ್ತದೆ.

ಖಾರದಪುಡಿ, ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ) ಇಂಥ ಆಹಾರ ಪದಾರ್ಥಕ್ಕೆ ಪಿಎಂಎಫ್‌ಎಂಇ, ಅಂದರೆ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಕೇಂದ್ರ ಯೋಜನೆ, ಇನ್ನೂ ಒಳ್ಳೆಯದು. ಕೇಂದ್ರದ 35%ಕ್ಕೆ ನಮ್ಮ ರಾಜ್ಯ 15% ಸೇರಿಸಿ, ಒಟ್ಟು 50%, ಗರಿಷ್ಠ 15 ಲಕ್ಷ ಎಂದು ನಿಗದಿ ಮಾಡಿದೆ. ಕೈಯಿಂದ ಹಾಕಬೇಕಾದ್ದು 10%. ಯೋಜನಾ ವರದಿ ಮಾಡಿಕೊಡಲು ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳಿದ್ದಾರೆ. ಅವರಿಗೆ ಸರ್ಕಾರವೇ ಹಣ ಕೊಡುತ್ತದೆ, ನೀವು ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ. ಕೃಷಿ ಇಲಾಖೆಯ ಜಂಟಿ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿ. ಈ ಎರಡೂ ಯೋಜನೆಗಳಿಗೆ ಈ ವರ್ಷ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಮೊದಲೇ ಕೇಳಿಕೊಂಡರೆ ಸುಮ್ನೆ ಓಡಾಟ ತಪ್ಪುತ್ತದೆ.

ಬ್ಯಾಂಕಿಗೆ ಹೋಗುವ ಮುನ್ನ

ನೀವು ಈವರೆಗೆ ಮಾಡಿದ ಸಾಲ, ಕಟ್ಟಿದ ಕಂತುಗಳ ವರದಿ (ಕ್ರೆಡಿಟ್ ರಿಪೋರ್ಟ್) ತೆಗೆಸಿ ನೋಡಿ. ಸಿಬಿಲ್‌ನಂಥ ಸಂಸ್ಥೆಗಳು ವರ್ಷಕ್ಕೊಮ್ಮೆ ಉಚಿತವಾಗಿ ಕೊಡಬೇಕು. ಮೈಕ್ರೋಫೈನಾನ್ಸ್ ಸಾಲದ ಕಂತು ಬಾಕಿ ಇದ್ದರೂ ಅದರಲ್ಲಿ ಕಾಣುತ್ತದೆ. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಹೆಣ್ಣುಮಕ್ಕಳ ಅರ್ಜಿ ಎಡವುವುದು ಇಲ್ಲೇ. ಬಾಕಿ ಇದ್ದರೆ ಮೊದಲು ತೀರಿಸಿ, ತೀರಿದ ಪತ್ರ ಇಟ್ಟುಕೊಳ್ಳಿ.

ಆಧಾರ್, ಜಾತಿ ಪ್ರಮಾಣಪತ್ರ, ಅಂಕಪಟ್ಟಿ, ಜಾಗದ ಬಾಡಿಗೆ ಕರಾರು, ಜಿಎಸ್‌ಟಿ ನಂಬರ್ ಇರುವ ಕೊಟೇಶನ್ ಇವನ್ನೆಲ್ಲ ಒಂದೇ ಫೈಲಿನಲ್ಲಿಡಿ. ಸಣ್ಣ ಉದ್ದಿಮೆ ಎಂದು ಸರ್ಕಾರದಲ್ಲಿ ಹೆಸರು ಬರೆಸುವ 'ಉದ್ಯಮ್' ನೋಂದಣಿ ಉಚಿತ. ಅದಕ್ಕೆ ಸಾವಿರಾರು ರೂಪಾಯಿ ಕೇಳುವ ವೆಬ್‌ಸೈಟ್‌ಗಳು ಸರ್ಕಾರದ್ದಲ್ಲ. "ಸಾಲ ಮಾಡಿಸಿ ಕೊಡ್ತೀನಿ, ಪರ್ಸೆಂಟೇಜ್ ಕೊಡಿ" ಎನ್ನುವವರನ್ನು ಹೊಸ್ತಿಲ ಆಚೆಗೇ ನಿಲ್ಲಿಸಿ.

ಅರ್ಜಿ ಹಾಕುವ ಮೊದಲೇ ನಿಮ್ಮ ಊರಿಗೆ ಹತ್ತಿರದ ಶಾಖೆಯ ಮ್ಯಾನೇಜರ್ ಜೊತೆ ಕುಳಿತು ಮಾತಾಡಿ. ಲೆಕ್ಕದ ಹಾಳೆ ತೋರಿಸಿ. ಸಣ್ಣ ಉದ್ದಿಮೆಗೆ ಕಡಿಮೆ ಎಂದರೂ 10 ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಅಡಮಾನ ಕೇಳಬಾರದು ಎಂದು ರಿಸರ್ವ್ ಬ್ಯಾಂಕ್ ನಿಯಮವೇ ಇದೆ. ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಪಡೆಯಿರಿ. ಸಾಲ ಆಗುವುದಿಲ್ಲ ಎಂದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಆ ಕಾಗದ ಹಿಡಿದು ಜಿಲ್ಲೆಯ ಲೀಡ್ ಬ್ಯಾಂಕ್ (ಜಿಲ್ಲೆಯ ಬ್ಯಾಂಕುಗಳ ಕೆಲಸ ಹೊಂದಿಸುವ ಬ್ಯಾಂಕ್) ಮ್ಯಾನೇಜರ್ ಅವರನ್ನು ಕಾಣಬಹುದು, ಅಥವಾ ಕಾರಣ ಸರಿಯಾಗಿದ್ದರೆ ಅದೊಂದನ್ನು ತಿದ್ದಿಕೊಂಡು ಮತ್ತೆ ಅರ್ಜಿ ಹಾಕಬಹುದು.